ಹುಡುಗರು ಕೇಳಿದ್ದು ಸಂಬಳದ ಲೆಕ್ಕ: ನರಸಾಪುರದ ವಿಸ್ಟ್ರಾನ್ ಪ್ರಕರಣ

ಯುವ ನೌಕರರನ್ನು ಸಂಭಾಳಿಸುವುದು ಹೇಗೆ ಅಂತ ಮಾತು ಶುರುವಾದರೆ ಉದಾಹರಣೆಗಳೆಲ್ಲ ಬೆಂಗಳೂರಿನ ಐಟಿ ಕಂಪನಿಗಳಿಂದಲೇ ಬರುತ್ತವೆ. ಮನೆಯಿಂದ ಕೆಲಸ, ಶುಕ್ರವಾರದ ಪಿಜ್ಜಾ, ಬೀನ್ ಬ್ಯಾಗ್, ರೆಸಾರ್ಟ್ ಟ್ರಿಪ್. ಎಚ್‌ಆರ್ ಮಂದಿ ನಾಲ್ಕು ಜನ ಸೇರಿದ ಕಡೆ ಒಂದು ಗೊಣಗಾಟವೂ ಇದ್ದೇ ಇರುತ್ತದೆ: ಈಗಿನ ಹುಡುಗರಿಗೆ ತಾಳ್ಮೆ ಇಲ್ಲ, ಸಣ್ಣದಕ್ಕೆಲ್ಲ ರೇಗುತ್ತಾರೆ, ಒಂದು ಕಡೆ ನಿಲ್ಲಲ್ಲ. ಆ ಮಾತು ಕೇಳಿದಾಗಲೆಲ್ಲ ನನಗೆ ನೆನಪಾಗುವುದು ನರಸಾಪುರ.

ಬೆಂಗಳೂರಿಂದ ಚೆನ್ನೈ ಹೆದ್ದಾರಿ ಹಿಡಿದು, ಹೊಸಕೋಟೆ ದಾಟಿ ಕೋಲಾರದ ಕಡೆ ಹೋಗುವಾಗ ಸಿಗುವ ಕೈಗಾರಿಕಾ ಪ್ರದೇಶ ಅದು. 2020ರ ಡಿಸೆಂಬರ್ 12, ಶನಿವಾರ ಬೆಳಗ್ಗೆ, ರಾತ್ರಿ ಪಾಳಿ ಮುಗಿಯುವ ಹೊತ್ತಿಗೆ ಅಲ್ಲಿನ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಆದದ್ದನ್ನು ಟಿವಿಯಲ್ಲಿ ನೋಡದವರು ಕಡಿಮೆ. ಪುಡಿಯಾದ ಗಾಜು, ಮಗುಚಿದ ಕಾರು, ಬೆಂಕಿ. ಅದು ಐಫೋನ್ ಜೋಡಿಸುವ ಕಾರ್ಖಾನೆ. ಗಲಾಟೆ ಮಾಡಿದವರು ಹಿಂದಿನ ರಾತ್ರಿ ಅದೇ ಐಫೋನ್ ಲೈನಿನಲ್ಲಿ ಕೂತಿದ್ದವರು. ಆ ಬೆಳಗ್ಗೆ ಎಲ್ಲರಿಗೂ ನೆನಪಿದೆ. ಅದಕ್ಕೆ ಮುಂಚಿನ ಎರಡು ತಿಂಗಳ ಬಗ್ಗೆ ಮಾತಾಡುವವರು ಕಡಿಮೆ. ಮ್ಯಾನೇಜರ್ ಆದವರಿಗೆ ಕಲಿಯಲು ಇರುವುದೆಲ್ಲ ಆ ಎರಡು ತಿಂಗಳಲ್ಲಿದೆ.

ಮನೆ ಹತ್ತಿರದ ಕೆಲಸ

ಕೋಲಾರದ ಹುಡುಗರಿಗೆ ಕೆಲಸ ಅಂದರೆ ಬೆಂಗಳೂರು. 2001ರಲ್ಲಿ ಕೆಜಿಎಫ್ ಚಿನ್ನದ ಗಣಿ ಮುಚ್ಚಿದ ಮೇಲಂತೂ ಮಾರಿಕುಪ್ಪಂ, ಬಂಗಾರಪೇಟೆ ಕಡೆಯಿಂದ ಬೆಳಗಿನ ರೈಲು ಹತ್ತಿ, ರಾತ್ರಿ ಮನೆ ಸೇರುವುದೇ ಎಷ್ಟೋ ಮನೆಗಳ ದಿನಚರಿ. ಹಾಗಾಗಿ ನರಸಾಪುರಕ್ಕೆ ಕಾರ್ಖಾನೆಗಳು ಬಂದಾಗ ಆಸೆ ಹುಟ್ಟಿದ್ದು ಸಹಜ. ಹೋಂಡಾ ಸ್ಕೂಟರ್ ಘಟಕ 2013ರಲ್ಲೇ ಶುರುವಾಗಿತ್ತು. ತೈವಾನಿನ ವಿಸ್ಟ್ರಾನ್ 2017ರಿಂದ ಪೀಣ್ಯದಲ್ಲಿ ಐಫೋನ್ ಜೋಡಿಸುತ್ತಿತ್ತು. ನರಸಾಪುರದಲ್ಲಿ 43 ಎಕರೆ ಪಡೆದು, ಸುಮಾರು 2,900 ಕೋಟಿ ರೂಪಾಯಿ ಹೂಡುತ್ತೇವೆ, 10,000 ಜನಕ್ಕೆ ಕೆಲಸ ಕೊಡುತ್ತೇವೆ ಎಂದು ಅದು ಬಂತು.

ಬಂದ ಕಾಲವನ್ನೂ ನೋಡಬೇಕು. 2020. ಲಾಕ್‌ಡೌನಿನಲ್ಲಿ ಕೆಲಸ ಕಳೆದುಕೊಂಡವರು, ಕಾಲೇಜು ಮುಗಿಸಿ ಕ್ಯಾಂಪಸ್ ಇಂಟರ್‌ವ್ಯೂ ಕೈತಪ್ಪಿದವರು, ಎಲ್ಲರೂ ಊರಿಗೆ ವಾಪಸ್ಸಾಗಿದ್ದರು. ಆಗ ತಾನೇ ಬಾಗಿಲು ತೆರೆದ ಕಾರ್ಖಾನೆಗೆ ಐಟಿಐ, ಡಿಪ್ಲೊಮಾ ಮಾಡಿದವರ ಜೊತೆ ಬಿಇ ಮುಗಿಸಿದವರೂ ಸೇರಿದರು. ಬಿಇ ಓದಿದವನು ಅಸೆಂಬ್ಲಿ ಲೈನಿಗೆ ಒಪ್ಪಿಕೊಂಡ ಅಂದರೆ ಅವನ ಲೆಕ್ಕ ಸರಳ: ಬೇರೆ ಏನೂ ಇಲ್ಲ, ಮನೆಯಲ್ಲಿ ಕೂರುವ ಬದಲು ಇದು, ದೊಡ್ಡ ಹೆಸರಿನ ಫೋನು, ಸಂಬಳ ಪರವಾಗಿಲ್ಲ. ಇವರಲ್ಲಿ ತುಂಬಾ ಜನಕ್ಕೆ ಇದು ಮೊದಲ ನೌಕರಿ.

ಇದನ್ನು ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣ ಇದೆ. ಹುರುಪು ತುಂಬುವುದು ಹೇಗೆ ಎಂಬ ಪ್ರಶ್ನೆಯೇ ಇಲ್ಲಿ ಇರಲಿಲ್ಲ. ಹುರುಪು ಗೇಟಿನ ಒಳಗೆ ಬರುವಾಗಲೇ ಅವರ ಹತ್ತಿರ ಇತ್ತು. ಕಂಪನಿ ಅದನ್ನು ಉಳಿಸಿಕೊಂಡಿದ್ದರೆ ಸಾಕಿತ್ತು.

ಯಾರ ಹುಡುಗರು?

ಘಟನೆ ಆದ ಮೇಲೆ ಕಾರ್ಖಾನೆ ಇಲಾಖೆ ಒಂದು ಪ್ರಾಥಮಿಕ ವರದಿ ಕೊಟ್ಟಿತು. ಅದರಲ್ಲಿ ನನಗೆ ಮುಖ್ಯ ಅನ್ನಿಸಿದ ಸಾಲು ಇದು: ಸ್ವಲ್ಪವೇ ಸಮಯದಲ್ಲಿ ಕಾರ್ಮಿಕರ ಸಂಖ್ಯೆ 5,000ದಿಂದ 10,500ಕ್ಕೆ ಏರಿತ್ತು, ಆದರೆ ಅದಕ್ಕೆ ತಕ್ಕ, ಕಾರ್ಮಿಕ ಕಾನೂನು ಗೊತ್ತಿರುವ ಎಚ್‌ಆರ್ ವಿಭಾಗ ಅಲ್ಲಿ ಇರಲಿಲ್ಲ. ಐದು ಸಾವಿರ ಜನಕ್ಕೇ ಹೊಸದಾಗಿದ್ದ ವ್ಯವಸ್ಥೆಯ ಮೇಲೆ ಇನ್ನೂ ಐದು ಸಾವಿರ ಬಂದು ಬಿತ್ತು.

ಇನ್ನೊಂದು ವಿಷಯ. ಇವರಲ್ಲಿ ಕಂಪನಿಯ ಕಾಯಂ ನೌಕರರು ಒಂದೂವರೆ ಸಾವಿರವೂ ಇರಲಿಲ್ಲ. ಉಳಿದ ಎಂಟು ಸಾವಿರಕ್ಕೂ ಮಿಕ್ಕಿದವರು ಗುತ್ತಿಗೆ ಏಜೆನ್ಸಿಗಳ ಮೂಲಕ ಬಂದವರು. ಏಜೆನ್ಸಿಯೂ ಒಂದಲ್ಲ, ಆರು. ಹಾಜರಿ ಹಿಡಿಯುವುದು ಕಂಪನಿಯ ಯಂತ್ರ, ಕೆಲಸ ಹೇಳುವುದು ಕಂಪನಿಯ ಸೂಪರ್‌ವೈಸರ್, ಸಂಬಳ ಹಾಕುವುದು ಏಜೆನ್ಸಿ. ಇಂಥ ಏರ್ಪಾಡಿನಲ್ಲಿ ಸಂಬಳ ಕಡಿಮೆ ಬಂದರೆ ಏನಾಗುತ್ತದೆ ಅಂತ ಯಾವುದೇ ಕೈಗಾರಿಕಾ ಪ್ರದೇಶದಲ್ಲಿ ಕೇಳಿ ನೋಡಿ. ಸೂಪರ್‌ವೈಸರ್ ಏಜೆನ್ಸಿ ಕಡೆ ಕೈ ತೋರಿಸುತ್ತಾನೆ. ಏಜೆನ್ಸಿಯವನು, ಕಂಪನಿ ಕಳಿಸಿದ ಹಾಜರಿ ಪ್ರಕಾರ ಹಾಕಿದ್ದೇವೆ ಅನ್ನುತ್ತಾನೆ. ಎಚ್‌ಆರ್, ನೀವು ನಮ್ಮ ರೋಲ್‌ನಲ್ಲಿ (ಕಂಪನಿಯ ನೌಕರರ ಪಟ್ಟಿಯಲ್ಲಿ) ಇಲ್ಲವಲ್ಲ ಅನ್ನುತ್ತದೆ. ಮೂವರು ಹೇಳುವುದೂ ಅವರವರ ಮಟ್ಟಿಗೆ ನಿಜವೇ. ಹುಡುಗ ಮಾತ್ರ ಸುಮ್ನೆ ಸುತ್ತುತ್ತಾನೆ.

ಕಾನೂನಿನಲ್ಲಿ ಇದಕ್ಕೆ ಉತ್ತರ ಇರಲಿಲ್ಲ ಅಂತಲ್ಲ. ಆಗ ಜಾರಿಯಲ್ಲಿದ್ದ 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ, ಗುತ್ತಿಗೆದಾರ ಸಂಬಳ ಕೊಡದಿದ್ದರೆ ಅಥವಾ ಕಡಿಮೆ ಕೊಟ್ಟರೆ ಮೂಲ ಮಾಲೀಕನೇ ಅದನ್ನು ತುಂಬಿಕೊಡಬೇಕಿತ್ತು. ಆಗಿನ 1936ರ ವೇತನ ಪಾವತಿ ಕಾಯ್ದೆ ಪ್ರಕಾರ, ಸಾವಿರ ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಾರ್ಖಾನೆಯಲ್ಲಿ ತಿಂಗಳು ಮುಗಿದ 10 ದಿನದೊಳಗೆ ಸಂಬಳ ಆಗಬೇಕಿತ್ತು. ಇದೆಲ್ಲ ಕಾರ್ಮಿಕ ಕಾನೂನಿನ ಮೊದಲ ಪಾಠ. ಆ ಪಾಠ ಗೊತ್ತಿದ್ದವರು ಅಲ್ಲಿ ಸಾಕಷ್ಟಿರಲಿಲ್ಲ ಅನ್ನುವುದೇ ಇಲಾಖೆಯ ದೂರು.

ಅಕ್ಟೋಬರ್, ನವೆಂಬರ್

ಅಕ್ಟೋಬರಿನಲ್ಲಿ ಪಾಳಿ ಬದಲಾಯಿತು. 8 ಗಂಟೆಯ ಪಾಳಿ ಹೋಗಿ 12 ಗಂಟೆಯ ಪಾಳಿ ಬಂತು. ಹಾಜರಿ ವ್ಯವಸ್ಥೆ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಹೆಣ್ಣುಮಕ್ಕಳನ್ನು ಕಾನೂನಿನ ಅನುಮತಿ ಇಲ್ಲದೆ ಓಟಿಗೆ, ಅಂದರೆ ಹೆಚ್ಚುವರಿ ಗಂಟೆಯ ಕೆಲಸಕ್ಕೆ, ನಿಲ್ಲಿಸಿಕೊಂಡದ್ದೂ ತನಿಖೆಯಲ್ಲಿ ಬಂತು. ಓಟಿ ಎಷ್ಟಾಯಿತು, ಅದಕ್ಕೆ ಎಷ್ಟು ಬರಬೇಕು ಅನ್ನುವುದು ಯಾರಿಗೂ ಸ್ಪಷ್ಟ ಇರಲಿಲ್ಲ.

ಪೇರೋಲ್, ಅಂದರೆ ಸಂಬಳದ ಲೆಕ್ಕ ಹಾಕುವ ಕೆಲಸ ಮಾಡಿದವರಿಗೆ ಇದರ ಗೋಜಲು ಗೊತ್ತಿರುತ್ತದೆ. ರಾತ್ರಿ ಪಾಳಿಯವನು ಒಳಗೆ ಹೋಗಿ ಪಂಚ್ ಮಾಡುವುದು ಒಂದು ತಾರೀಖಿಗೆ, ಹೊರಗೆ ಬಂದು ಪಂಚ್ ಮಾಡುವುದು ಮಾರನೇ ತಾರೀಖಿಗೆ. ಸಾಫ್ಟ್‌ವೇರಿಗೆ ಈ ಪಾಳಿ ಮಧ್ಯರಾತ್ರಿ ದಾಟುತ್ತದೆ ಅಂತ ಮೊದಲೇ ಹೇಳಿಕೊಡದಿದ್ದರೆ ಅದು ಎರಡು ಅರ್ಧ ದಿನ ಅಂತಲೋ, ಗೈರುಹಾಜರಿ ಅಂತಲೋ ತೋರಿಸುತ್ತದೆ. 8 ಗಂಟೆಗೆ ಕೂರಿಸಿದ ಲೆಕ್ಕವನ್ನು 12ಕ್ಕೆ ಬದಲಾಯಿಸಿದಾಗ ಇನ್ನೊಂದು ತಲೆನೋವು. ಆಗಿನ ಕಾರ್ಖಾನೆ ಕಾಯ್ದೆ ಪ್ರಕಾರ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಮೀರಿದರೆ ಸಂಬಳ ಎರಡರಷ್ಟು ಕೊಡಬೇಕಿತ್ತು. ಊಟದ ಹೊತ್ತು ಕಳೆದು ಓಟಿ ಎಷ್ಟು ಗಂಟೆ? ಪಾಳಿ ಬದಲಾದ ವಾರ ಹೇಗೆ ಲೆಕ್ಕ? ಇದನ್ನೆಲ್ಲ ಪಾಳಿ ಬದಲಾಯಿಸುವ ಮೊದಲೇ ಒಂದು ತಿಂಗಳ ಹಳೇ ಹಾಜರಿ ಹಾಕಿ ಪರೀಕ್ಷೆ ಮಾಡಿ ನೋಡಬೇಕು. ಬೇಸರದ ಕೆಲಸ. ಉತ್ಪಾದನೆಯ ಗುರಿ ತಲೆ ಮೇಲೆ ಕೂತಿರುವಾಗ ಮೊದಲು ಕೈಬಿಡುವುದೂ ಇದನ್ನೇ.

ಕಾರ್ಮಿಕರು ಹೇಳಿದ್ದಾಗಿ ಆಗ ಪತ್ರಿಕೆಗಳಲ್ಲಿ ಬಂದ ಅಂಕಿ ಹೀಗಿದೆ: ಎಂಜಿನಿಯರಿಂಗ್ ಓದಿದವರಿಗೆ ತಿಂಗಳಿಗೆ 21,000 ರೂಪಾಯಿ ಅಂತ ಹೇಳಿದ್ದರು, ಅದು 16,000ಕ್ಕೆ ಇಳಿಯಿತು, ಆಮೇಲೆ 12,000ಕ್ಕೆ. ಬೇರೆಯವರಿಗೆ 8,000ದವರೆಗೂ ಇಳಿದಿತ್ತು. ಖಾತೆಗೆ ಬರೀ 500 ರೂಪಾಯಿ ಬಿದ್ದಿದೆ ಅಂದವರೂ ಇದ್ದರು.

21,000ವನ್ನು ತಿಂಗಳ 26 ಕೆಲಸದ ದಿನಕ್ಕೆ ಹಂಚಿದರೆ ದಿನಕ್ಕೆ ಸುಮಾರು 808 ರೂಪಾಯಿ. 16,000 ಕೈಗೆ ಬಂತು ಅಂದರೆ ಆರು ದಿನದ ಸಂಬಳ ಕಾಣೆಯಾಗಿದೆ. 12,000 ಅಂದರೆ ಹನ್ನೊಂದು ದಿನ. ಇದು ನನ್ನ ಲೆಕ್ಕ, ತನಿಖೆಯದ್ದಲ್ಲ. ಪಿಎಫ್, ಇಎಸ್ಐ ಕಡಿತ ಎಲ್ಲ ಬಿಟ್ಟು ಒರಟಾಗಿ ಮಾಡಿದ್ದು. ಆದರೆ ಹುಡುಗ ಮನೆಯಲ್ಲಿ ಕೂತು ಮಾಡುವುದೂ ಇದೇ ಲೆಕ್ಕ. 12 ಗಂಟೆ ದುಡಿದಿದ್ದೇನೆ, ಓಟಿ ಸೇರಿ ಜಾಸ್ತಿ ಬರಬೇಕಿತ್ತು, ಹನ್ನೊಂದು ದಿನ ಎಲ್ಲಿ ಹೋಯಿತು? ಅವನು ಎಂಜಿನಿಯರಿಂಗ್ ಓದಿದವನು, ಭಾಗಾಕಾರ ಬರುತ್ತದೆ. ಪಕ್ಕದ ಸೀಟಿನವನು ಬೇರೆ ಏಜೆನ್ಸಿಯವನು. ಅವನಿಗೆ ಎಷ್ಟು ಬಂತು ಅಂತ ವಾಟ್ಸಾಪಿನಲ್ಲಿ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಸಂಬಳದ ವಿಷಯ ಗುಟ್ಟು ಅಂತ ಆಫರ್ ಲೆಟರಿನಲ್ಲಿ ಬರೆದು ಕೊಟ್ಟರೆ ಗುಟ್ಟಾಗಿ ಉಳಿಯುವ ಕಾಲ ಹೋಯಿತು.

ಒಂದು ತಿಂಗಳು ತಪ್ಪಾದರೆ ಜನ ಕಾಯುತ್ತಾರೆ. ಇಲ್ಲೂ ಕಾದರು. ಮುಂದಿನ ತಿಂಗಳು ಸರಿ ಹೋಗುತ್ತದೆ ಅಂದುಕೊಂಡರು. ಮುಂದಿನ ತಿಂಗಳೂ ಅದೇ ಆಯಿತು. ತಾಳ್ಮೆ ಇಲ್ಲದ ತಲೆಮಾರು ಅನ್ನುವವರು ಸ್ವಲ್ಪ ಯೋಚಿಸಲಿ. ನಮ್ಮ ನಿಮ್ಮ ಸಂಬಳದಲ್ಲಿ ಎರಡು ತಿಂಗಳು ಸತತವಾಗಿ ಮೂರನೇ ಒಂದು ಭಾಗ ಕಡಿಮೆ ಬಂದು, ಯಾಕೆ ಅಂತ ಯಾರೂ ಹೇಳದಿದ್ದರೆ ಎಷ್ಟು ದಿನ ಸುಮ್ಮನಿರುತ್ತಿದ್ದೆವು?

ಹಿರಿಯರಿಲ್ಲದ ಕಾರ್ಖಾನೆ

ಈ ಪ್ರಕರಣದಲ್ಲಿ ನನ್ನನ್ನು ಜಾಸ್ತಿ ಕಾಡುವ ಅಂಶಕ್ಕೆ ವರದಿಗಳಲ್ಲಿ ಅಷ್ಟು ಜಾಗ ಸಿಕ್ಕಿಲ್ಲ. ಕಾರ್ಖಾನೆಗೇ ಆಗ ಕೆಲವು ತಿಂಗಳ ವಯಸ್ಸು. ಅಂದರೆ ಅಲ್ಲಿ ಹಳಬರು ಅಂತ ಯಾರೂ ಇಲ್ಲ. ಎಚ್‌ಎಂಟಿ, ಬೆಮೆಲ್ ತರದ ಹಳೇ ಕಾರ್ಖಾನೆಗಳಲ್ಲಿ ಇಪ್ಪತ್ತು ವರ್ಷ ಸರ್ವೀಸಿನ ಫಿಟ್ಟರ್ ಒಬ್ಬ ಇರುತ್ತಿದ್ದ. ಹೊಸಬನಿಗೆ ಓಟಿ ಬರಲಿಲ್ಲ ಅಂದರೆ, ಇರು ಮಾರಾಯ, ಟೈಮ್ ಆಫೀಸಿನಲ್ಲಿ ಇಂಥವರನ್ನು ಕೇಳು, ಮುಂದಿನ ತಿಂಗಳು ಅರಿಯರ್ಸ್ ಸೇರಿ ಬರುತ್ತೆ ಅನ್ನುತ್ತಿದ್ದ. ಯೂನಿಯನ್ ಆಫೀಸ್ ಇರುತ್ತಿತ್ತು. ಯೂನಿಯನ್ನಿನವರು ಜೋರು ಮಾಡುತ್ತಿದ್ದರು ನಿಜ, ಆದರೆ ಸಿಟ್ಟು ಗೇಟಿಗೆ ಬರುವ ಮೊದಲು ಮೇಜಿನ ಮುಂದೆ ಬರುತ್ತಿತ್ತು. ಆಡಳಿತಕ್ಕೂ ಅದರಿಂದ ಲಾಭ ಇತ್ತು. ಒಳಗೆ ಏನು ಬೇಯುತ್ತಿದೆ ಅಂತ ಮುಂಚೆಯೇ ತಿಳಿಯುತ್ತಿತ್ತು.

ನರಸಾಪುರದಲ್ಲಿ ಎಲ್ಲರೂ ಹೊಸಬರು. ಕೆಲಸಕ್ಕೆ ಬಂದವರೂ ಹೊಸಬರು, ಅವರ ಮೇಲಿನ ಲೈನ್ ಲೀಡರೂ ಆ ಜಾಗಕ್ಕೆ ಹೊಸಬ, ಮೇಲಿನ ಆಡಳಿತದಲ್ಲಿ ಊರು ಭಾಷೆ ಎರಡೂ ಹೊಸತಾದವರು. ಕಡಿಮೆ ವಯಸ್ಸಿನವರು ಬೇಗ ಕಲಿಯುತ್ತಾರೆ, ಕೈ ಚುರುಕು ಅಂತ ಕಂಪನಿಗಳು ಅವರನ್ನೇ ಆರಿಸಿ ತೆಗೆದುಕೊಳ್ಳುತ್ತವೆ. ಹಾಗೆ ತೆಗೆದುಕೊಂಡಾಗ ಆ ಹಳೇ ಫಿಟ್ಟರ್ ಸಂಬಳವಿಲ್ಲದೆ ಮಾಡುತ್ತಿದ್ದ ಕೆಲಸಕ್ಕೆ ಸಂಬಳ ಕೊಟ್ಟು ಯಾರನ್ನಾದರೂ ಇಡಬೇಕು. ಅದನ್ನು ಖರ್ಚಿನ ಪಟ್ಟಿಯಲ್ಲಿ ಬರೆದುಕೊಳ್ಳುವವರು ಕಡಿಮೆ.

ಬೆಳಗಿನ ಆರು ಗಂಟೆ, ಆಮೇಲೆ

ಗಲಾಟೆಯ ವಿವರ ಜಾಸ್ತಿ ಬೇಡ. ರಾತ್ರಿ ಪಾಳಿ ಮುಗಿಸಿದವರು ಸಂಬಳದ ಬಗ್ಗೆ ಕೇಳಿದರು, ಮಾತು ಬೆಳೆಯಿತು, ಕೈ ಮೀರಿತು. ಹಾನಿ ಎಷ್ಟು ಅನ್ನುವುದರಲ್ಲೇ ಒಂದು ತಮಾಷೆ ಇದೆ. ಕಂಪನಿ ಕಡೆಯಿಂದ ಪೊಲೀಸರಿಗೆ ಕೊಟ್ಟ ದೂರಿನಲ್ಲಿ 437 ಕೋಟಿ ರೂಪಾಯಿ ಅಂತ ಇತ್ತು. ಕೆಲವೇ ದಿನಕ್ಕೆ ತೈವಾನಿನಲ್ಲಿ ಅದೇ ಕಂಪನಿ ಹೇಳಿದ್ದು 10 ಕೋಟಿಯಿಂದ 20 ಕೋಟಿ ತೈವಾನ್ ಡಾಲರ್, ಅಂದರೆ 26ರಿಂದ 52 ಕೋಟಿ ರೂಪಾಯಿ. ಅಷ್ಟರಲ್ಲಿ 437ರ ಅಂಕಿ ಊರೆಲ್ಲ ಸುತ್ತಿ ಬಂದಿತ್ತು.

150ಕ್ಕೂ ಹೆಚ್ಚು ಜನರ ಬಂಧನ ಆಯಿತು. ರಾಜ್ಯದ ಹೆಸರು ಹಾಳಾಯಿತು, ಬಂಡವಾಳ ಓಡಿಹೋಗುತ್ತದೆ ಅನ್ನುವ ಗಾಬರಿ ಮೊದಲ ದಿನಗಳನ್ನು ತುಂಬಿಕೊಂಡಿತು. ಇದರ ಹಿಂದೆ ಯಾರದೋ ಕೈವಾಡ ಇದೆ ಅನ್ನುವ ಮಾತೂ ಎದ್ದಿತು. ನನ್ನ ಮಾತು ಸ್ಪಷ್ಟ: ಒಡೆದದ್ದು, ಬೆಂಕಿ ಹಚ್ಚಿದ್ದು ತಪ್ಪು. ಕಾರ್ಖಾನೆ ಎರಡು ತಿಂಗಳು ನಿಂತಿತು, ಕಲ್ಲು ಮುಟ್ಟದವರ ಕೆಲಸವೂ ಅದರ ಜೊತೆ ನಿಂತಿತು. ಪೊಲೀಸ್ ಕೇಸು ಹೆಗಲೇರಿದ ಇಪ್ಪತ್ತೆರಡರ ಹುಡುಗನಿಗೆ ಇನ್ನೊಂದು ಕಡೆ ಕೆಲಸ ಸಿಗುವುದು ಎಷ್ಟು ಕಷ್ಟ ಅಂತ ಬಿಡಿಸಿ ಹೇಳಬೇಕಿಲ್ಲ. ಆದರೆ ಕೈವಾಡ ಹುಡುಕುವ ಭರದಲ್ಲಿ ಹಾಜರಿ ಯಂತ್ರದ ಕಡೆ ನೋಡಲು ತಡವಾಯಿತು.

ನೋಡಿದ್ದು ಯಾರು? ರಾಜ್ಯದ ಇಲಾಖೆ ನೋಡಿತು. ಆಪಲ್ ತನ್ನ ಜನರನ್ನೂ ಹೊರಗಿನ ಆಡಿಟರ್‌ಗಳನ್ನೂ ಕಳಿಸಿತು. ಒಂದು ವಾರಕ್ಕೆ ಸರಿಯಾಗಿ, ಡಿಸೆಂಬರ್ 19ರಂದು, ಆಪಲ್ ಹೇಳಿತು: ಕೆಲಸದ ಗಂಟೆಗಳನ್ನು ನಿಭಾಯಿಸುವ ಕ್ರಮ ಅಲ್ಲಿ ಸರಿ ಇರಲಿಲ್ಲ, ಅದರಿಂದ ಅಕ್ಟೋಬರ್ ಮತ್ತು ನವೆಂಬರಿನಲ್ಲಿ ಕೆಲವರ ಸಂಬಳ ತಡವಾಗಿದೆ. ಎಲ್ಲ ಸರಿ ಮಾಡುವವರೆಗೆ ವಿಸ್ಟ್ರಾನ್‌ಗೆ ಹೊಸ ಆರ್ಡರ್ ಇಲ್ಲ ಎಂದು ಪ್ರೊಬೇಷನ್‌ನಲ್ಲಿ ಇಟ್ಟಿತು. ಅದೇ ದಿನ ವಿಸ್ಟ್ರಾನ್ ಕೂಡ ಒಪ್ಪಿಕೊಂಡಿತು. ಕೆಲವರಿಗೆ ಸಂಬಳ ಸರಿಯಾಗಿಯೂ ಹೋಗಿಲ್ಲ, ಹೊತ್ತಿಗೂ ಹೋಗಿಲ್ಲ, ಕ್ಷಮಿಸಿ ಎಂದಿತು. ಭಾರತದ ವಹಿವಾಟು ನೋಡುತ್ತಿದ್ದ ಉಪಾಧ್ಯಕ್ಷರನ್ನು ಆ ಜಾಗದಿಂದ ತೆಗೆಯಿತು.

ಎರಡೂ ಹೇಳಿಕೆಗಳಲ್ಲಿ ಹುಡುಗರ ಮನೋಭಾವದ ಬಗ್ಗೆ ಒಂದು ಮಾತೂ ಇಲ್ಲ. ಗಂಟೆ, ಹಾಜರಿ, ಏಜೆನ್ಸಿ, ಪಾವತಿ, ಅಷ್ಟೇ.

ಸರಿ ಮಾಡಿದ್ದು

24 ಗಂಟೆಯ ಸಹಾಯವಾಣಿ ಶುರುವಾಯಿತು. ಕನ್ನಡ, ತೆಲುಗು, ತಮಿಳು, ಹಿಂದಿ, ಇಂಗ್ಲಿಷ್. ಹೆಸರು ಹೇಳದೆಯೂ ದೂರು ಕೊಡಬಹುದು. ಕೋಲಾರ ಗೊತ್ತಿದ್ದವರಿಗೆ ಈ ಭಾಷೆಗಳ ಪಟ್ಟಿ ಯಾಕೆ ಅಂತ ಕೂಡಲೇ ಅರ್ಥವಾಗುತ್ತದೆ. ಅತ್ತ ಆಂಧ್ರ, ಇತ್ತ ತಮಿಳುನಾಡು. ಒಂದೇ ಲೈನಿನಲ್ಲಿ ಮೂರು ಮನೆಮಾತು. ಇದನ್ನು ಮೊದಲ ದಿನವೇ ಮಾಡಬಹುದಿತ್ತು, ಖರ್ಚು ಎಷ್ಟು ಮಹಾ?

ನೇಮಕ ನೋಡಿಕೊಳ್ಳುವ ತಂಡವನ್ನು ಬದಲಾಯಿಸಿದರು. 2021ರ ಫೆಬ್ರವರಿಯಲ್ಲಿ ಕಾರ್ಖಾನೆ ಮತ್ತೆ ಶುರು ಅಂತ ಘೋಷಿಸುವಾಗ, ಒಳಗೆ ಬರುವ ಪ್ರತಿಯೊಬ್ಬರಿಗೂ ನಿಮ್ಮ ಹಕ್ಕು ಏನು, ದೂರು ಹೇಗೆ ಕೊಡಬೇಕು ಎಂಬ ತರಬೇತಿ ಕೊಡುತ್ತೇವೆ ಎಂದರು. ಇದು ನನಗೆ ಇಷ್ಟವಾದ ಕ್ರಮ. ನಮ್ಮಲ್ಲಿ ಇಂಡಕ್ಷನ್ ಅಂದರೆ ಸೇಫ್ಟಿ ಶೂ, ಫೋನ್ ಒಳಗೆ ತರಬಾರದು, ಕಂಪನಿಯ ಮೌಲ್ಯಗಳು ಅಂತ ಒಂದು ವಿಡಿಯೋ. ಸಂಬಳದ ಚೀಟಿ ಓದುವುದು ಹೇಗೆ ಅಂತ ಹೇಳಿಕೊಡುವ ಇಂಡಕ್ಷನ್ ಎಲ್ಲಿದೆ?

ಸಹಾಯವಾಣಿಯ ಬಗ್ಗೆ ಮಾತ್ರ ನನ್ನದೊಂದು ತಕರಾರು ಇದೆ. ಮೇಲಿನವನ ಮುಂದೆ ಹೇಳಲಾಗದ ಕಿರುಕುಳಕ್ಕೆ ಅದು ಬೇಕೇ ಬೇಕು. ಸಂಬಳದ ಲೆಕ್ಕಕ್ಕೆ ಯಾಕೆ ಹೆಸರು ಮುಚ್ಚಿಕೊಂಡು ಫೋನ್ ಮಾಡಬೇಕು? ಅದು ಹಗಲಿನಲ್ಲಿ, ಲೈನಿನ ಪಕ್ಕದಲ್ಲೇ ಮುಗಿಯಬೇಕಾದ ಮಾತು.

ಪಾಠ ಎಲ್ಲರಿಗೂ ತಲುಪಲಿಲ್ಲ ಅನ್ನುವುದಕ್ಕೆ ಒಂದು ವರ್ಷವೇ ಸಾಕಾಯಿತು. 2021ರ ಡಿಸೆಂಬರಿನಲ್ಲಿ ಅದೇ ಹೆದ್ದಾರಿಯ ಇನ್ನೊಂದು ತುದಿಯ ಶ್ರೀಪೆರಂಬದೂರಿನಲ್ಲಿ, ಫಾಕ್ಸ್‌ಕಾನ್ ಐಫೋನ್ ಘಟಕದ ಯುವತಿಯರು ರಸ್ತೆ ತಡೆದರು. ಹಾಸ್ಟೆಲ್ ಊಟ ತಿಂದು ನೂರಾರು ಜನ ಕಾಯಿಲೆ ಬಿದ್ದಿದ್ದರು. ಕಾರ್ಖಾನೆ ಮುಚ್ಚಿತು, ಆಪಲ್ ಮತ್ತೆ ಪ್ರೊಬೇಷನ್ ಹೇಳಿತು. ನರಸಾಪುರದಲ್ಲಿ ಸಂಬಳ, ಶ್ರೀಪೆರಂಬದೂರಿನಲ್ಲಿ ಊಟ. ಎರಡು ಕಡೆಯೂ ಹುಡುಗರು ಕೇಳಿದ್ದು ಅಜ್ಜನ ಕಾಲದ ಕೂಲಿಯವನೂ ಕೇಳುತ್ತಿದ್ದುದನ್ನೇ. ಜೆನ್ ಜೀ, ಮಿಲೆನಿಯಲ್ ಅಂತ ಹೆಸರಿಟ್ಟು ಚಾರ್ಟ್ ಬರೆಯುವವರು ಈ ಎರಡು ಪ್ರಕರಣವನ್ನು ಯಾವ ಕಾಲಮ್ಮಿಗೆ ಹಾಕುತ್ತಾರೋ ಗೊತ್ತಿಲ್ಲ. ಬದಲಾಗಿರುವುದು ವೇಗ ಮಾತ್ರ. ಹತ್ತು ಜನರ ಸಿಟ್ಟು ಮೊಬೈಲಿನಲ್ಲಿ ಒಂದು ರಾತ್ರಿಗೆ ಸಾವಿರ ಜನರದ್ದಾಗುತ್ತದೆ. ಅದಕ್ಕೇ ಉತ್ತರವೂ ಅಷ್ಟೇ ಬೇಗ ಹೋಗಬೇಕು.

ಈಗ

2023ರ ಅಕ್ಟೋಬರಿನಲ್ಲಿ ವಿಸ್ಟ್ರಾನ್ ಈ ಘಟಕವನ್ನು 12.5 ಕೋಟಿ ಅಮೆರಿಕನ್ ಡಾಲರಿಗೆ ಟಾಟಾ ಎಲೆಕ್ಟ್ರಾನಿಕ್ಸ್‌ಗೆ ಮಾರಲು ಒಪ್ಪಿತು. ಐಫೋನ್ ಜೋಡಿಸುವ ಮೊದಲ ಭಾರತೀಯ ಕಂಪನಿ ಟಾಟಾ ಆಯಿತು. ಅದೇ ವರ್ಷ ಫೆಬ್ರವರಿಯಲ್ಲಿ ರಾಜ್ಯ ವಿಧಾನಮಂಡಲ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ಕಾರ್ಮಿಕ ಒಪ್ಪಿದರೆ ದಿನಕ್ಕೆ 12 ಗಂಟೆಯವರೆಗೆ ಕೆಲಸ ಮಾಡಿಸಲು ದಾರಿ ಮಾಡಿಕೊಟ್ಟಿತು. ವಾರಕ್ಕೆ 48 ಗಂಟೆಯ ಮಿತಿ ಹಾಗೇ ಉಳಿಯಿತು, ಮೂರು ತಿಂಗಳ ಓಟಿ ಮಿತಿ 75ರಿಂದ 145 ಗಂಟೆಗೆ ಏರಿತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯಲ್ಲಿ ತಿಂಗಳ ಸಂಬಳ ಮುಂದಿನ ತಿಂಗಳ 7ರೊಳಗೆ ಆಗಬೇಕು, ವೇತನ ಚೀಟಿ ಕೊಡಲೇಬೇಕು.

ಚೀಟಿ ಕೊಟ್ಟರೆ ಆಯಿತೇ? ಬೇಸಿಕ್, ಡಿಎ, ಎನ್‌ಎಚ್ ಅಲವೆನ್ಸ್, ಎಲ್‌ಒಪಿ, ಓಟಿ ಫ್ಯಾಕ್ಟರ್ ಅಂತ ಹತ್ತು ಸಾಲು ಇರುವ ಚೀಟಿ ಮೊದಲ ನೌಕರಿಯವನಿಗೆ ಏನು ಹೇಳುತ್ತದೆ? ಗುತ್ತಿಗೆಯವರು ಜಾಸ್ತಿ ಇರುವ ಕಡೆ ಮ್ಯಾನೇಜರ್ ಆಗಿರುವವರಿಗೆ ನಾನು ಹೇಳುವುದು ಇಷ್ಟು. ಸಂಬಳ ಆದ ಮಾರನೇ ದಿನ, ಮೂರೂ ಪಾಳಿ ಬದಲಾಗುವ ಹೊತ್ತಿಗೆ, ಪೇರೋಲಿನವರೊಬ್ಬರು ಲ್ಯಾಪ್‌ಟಾಪ್ ಹಿಡಿದು ಕ್ಯಾಂಟೀನಿನಲ್ಲಿ ಕೂರಲಿ. ಪಕ್ಕದಲ್ಲಿ ಪ್ರತಿ ಏಜೆನ್ಸಿಯಿಂದ ಒಬ್ಬರು ಇರಲಿ, ಹಾಜರಿ ತಿದ್ದುವ ಅಧಿಕಾರ ಇರುವವರೇ ಬರಲಿ. ಚೀಟಿ ತಂದವನಿಗೆ ಅಲ್ಲೇ ಪಂಚ್ ತೆಗೆದು ತೋರಿಸಿ. ತಪ್ಪಿದ್ದರೆ ಯಾವ ತಾರೀಖಿಗೆ ದುಡ್ಡು ಬೀಳುತ್ತದೆ ಅಂತ ಬರೆದು ಕೊಡಿ. ಪಾಳಿ ಬದಲಾಯಿಸಿದ ತಿಂಗಳಂತೂ ಇದನ್ನು ತಪ್ಪಿಸಲೇಬೇಡಿ. ಮೊದಲ ಸಲ ಸಾಲು ಉದ್ದ ಇರುತ್ತದೆ, ಜೋರು ಮಾತೂ ಬರುತ್ತದೆ. ಮೂರನೇ ತಿಂಗಳಿಗೂ ಸಾಲು ಕರಗದಿದ್ದರೆ ತೊಂದರೆ ಹಾಜರಿ ವ್ಯವಸ್ಥೆಯಲ್ಲಿದೆ. ಆಗ ಲೈನ್ ನಿಲ್ಲಿಸಿಯಾದರೂ ಅದನ್ನೇ ಮೊದಲು ರಿಪೇರಿ ಮಾಡಿಸಿ.